ಕೊಟ್ಟ ದುಡ್ಡು ವಾಪಸ್ ಕೇಳುವಾಗ

ಪುಣೆ, ಮುಂಬೈಯಲ್ಲಿ ಬಾಡಿಗೆ ಮನೆ ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿನದು. ಮನೆ ಬದಲಿಸುವಾಗ ಡಿಪಾಜಿಟ್‌ಗೆ ಅಂತ ನಮ್ಮ ಚರ್ಚ್ ಸಭೆಯವರೇ ಒಬ್ಬರಿಗೊಬ್ಬರು ಕೈಸಾಲ ಕೊಡುತ್ತೇವೆ. ವಾಪಸ್ ಕೇಳುವ ಹೊತ್ತಿಗೆ ಮುಖ ತಪ್ಪಿಸಿ ಓಡಾಡುತ್ತೇವೆ, ಅಲ್ವಾ?

ತಪ್ಪು ಮಾಡಿದವನ ಹತ್ತಿರ ಒಬ್ಬನೇ ಹೋಗಿ ಮಾತಾಡು ಅನ್ನುವ ಬೈಬಲ್‌ನ ಮತ್ತಾಯ 18:15ರ ದಾರಿ ಇಲ್ಲಿಗೂ ಸರಿ. ಮೊದಲು ಇಬ್ಬರೇ ಕೂತು ಮಾತಾಡಿ. ವಾಟ್ಸಾಪ್ ಗುಂಪಿನಲ್ಲಿ ಚುಚ್ಚುವ ವಚನ ಹಾಕಬೇಡಿ. ಆರಾಧನೆ ಮುಗಿದ ಕೂಡಲೇ ಬಾಗಿಲಲ್ಲಿ ಹಿಡಿದು ಕೇಳುವುದಂತೂ ಬೇಡವೇ ಬೇಡ, ಅವರ ಮಕ್ಕಳು ಪಕ್ಕದಲ್ಲೇ ನಿಂತಿರುತ್ತಾರೆ.

ಹೀಗೆ ಕೇಳಿ: "ಅಣ್ಣಾ, ಜೂನ್‌ನಲ್ಲಿ ಮಗಳ ಫೀಸ್ ಕಟ್ಟಬೇಕು. ಆ ಇಪ್ಪತ್ತು ಸಾವಿರದಲ್ಲಿ ಈ ತಿಂಗಳು ಎಷ್ಟಾಗುತ್ತೆ ನಿಮ್ಮಿಂದ?" ಅಗತ್ಯ, ಮೊತ್ತ ಎರಡನ್ನೂ ಬಾಯಿಬಿಟ್ಟು ಹೇಳಿ. ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ಕೆಲಸ ಹೋಗಿರಬಹುದು, ಊರಲ್ಲಿ ಯಾರಿಗೋ ಕಾಯಿಲೆ ಇರಬಹುದು. ಕಂತಿಗೆ ಒಪ್ಪಿದರೆ ತಾರೀಖು ಸಮೇತ ಬರೆದಿಡಿ. ಇದಕ್ಕೆ ಸಂಕೋಚ ಬೇಡ, ಆರು ತಿಂಗಳಾದರೆ ಇಬ್ಬರ ಲೆಕ್ಕವೂ ಬೇರೆ ಬೇರೆ ಆಗಿರುತ್ತದೆ.

ಬಡ್ಡಿ? ಕಷ್ಟದಲ್ಲಿರುವ ನಿಮ್ಮವರಿಂದ ತಗೋಬೇಡಿ ಅಂತ ವಿಮೋಚನಕಾಂಡ 22:25ರಲ್ಲೇ ಇದೆ. ತೀರಾ ಆಗದವರಿಗೆ ಸಾಲ ಬಿಟ್ಟುಕೊಡುವುದಾದರೆ ಪೂರ್ತಿ ಬಿಡಿ. ಮತ್ತೆ ಆ ಮಾತು ಎತ್ತಬೇಡಿ, ಮನೆಯವರ ಹತ್ತಿರವೂ.