ಆಪರೇಷನ್ ಆಗಿ ಮನೆಗೆ ಬಂದವರಿಗೆ ನಿದ್ದೆ ಉಳಿಸುವ ಉಪಾಯ

ಕಾರವಾರ ಕಡೆಯ ನಮ್ಮ ಕ್ರೈಸ್ತ ಮನೆಗಳಿಗೊಂದು ಸಲಹೆ. ಆಸ್ಪತ್ರೆಯಿಂದ ಯಾರಾದರೂ ಮನೆಗೆ ಬಂದರೆ, ಪ್ರಾರ್ಥನೆಗೆ ಬರುವವರಿಗೆಲ್ಲ ದಿನಕ್ಕೆ ಒಂದೇ ಹೊತ್ತು ಕೊಡಿ. ಸಂಜೆ ಐದರಿಂದ ಐದೂವರೆ ಅಂತ ಚರ್ಚಿನ ವಾರ್ಡಿನ (ಅಕ್ಕಪಕ್ಕದ ಕ್ರೈಸ್ತ ಮನೆಗಳ ಗುಂಪಿನ) ವಾಟ್ಸಾಪ್ ಗ್ರೂಪಿನಲ್ಲಿ ಮೊದಲೇ ಹಾಕಿ, 'ಚಹಾ ಬೇಡ' ಅಂತಲೂ ಬರೆಯಿರಿ. ಇಲ್ಲದಿದ್ದರೆ ಹೊಲಿಗೆ ಹಾಕಿಸಿಕೊಂಡವರೇ ಎದ್ದು ಚಹಾ ಮಾಡುತ್ತಾರೆ, ನಮ್ಮ ಹೆಂಗಸರು ಕೇಳುವವರಲ್ಲ. (ಮೀನು ಸಾರು ತರುವವರು ಯಾವಾಗ ಬೇಕಾದರೂ ಬರಲಿ!) ಹೀಗೆ ಮಾಡಿದರೆ ಮಧ್ಯಾಹ್ನದ ನಿದ್ದೆ ಪೂರ್ತಿ ಸಿಗುತ್ತದೆ. ಗಾಯ ಮಾಯಲು ನಿದ್ದೆ, ವಿಶ್ರಾಂತಿ ಬೇಕೇ ಬೇಕು. ಮಲಗಿದರೆ ಭಕ್ತಿ ಕಡಿಮೆ ಅಂತ ಸಂಕೋಚ ಬೇಡ. ಸಾವೇ ಬರಲಿ ಅಂತ ಕುಸಿದ ಬೈಬಲಿನ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ತಿಂದು ಮತ್ತೆ ಮಲಗಿದರೂ ಬೈಯಲಿಲ್ಲ. ಕ್ಯಾಥೊಲಿಕರಲ್ಲಿ ಕಾಯಿಲೆಯವರಿಗೆ ಚರ್ಚಿನ ಭಾನುವಾರದ ಪೂಜೆ ಕಡ್ಡಾಯವೂ ಅಲ್ಲ. ಫಾದರ್‌ಗೆ ಹೇಳಿದರೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮನೆಗೇ ತರುತ್ತಾರೆ. ಆದರೆ ಒಂಟಿಯಾಗಿರುವವರಿಗೆ, ಮನಸ್ಸು ಕುಗ್ಗಿದವರಿಗೆ ಈ ಉಪಾಯ ಸರಿಹೋಗದು. ಅವರಿಗೆ ಅರ್ಧ ಗಂಟೆ ಸಾಲದು, ಪಕ್ಕದಲ್ಲಿ ಸುಮ್ನೆ ಕೂರುವ ಒಬ್ಬರು ಬೇಕು. ಜ್ವರ ಬಂದರೆ, ಗಾಯ ಕೆಂಪಾಗಿ ಊದಿಕೊಂಡರೆ ವಿಶ್ರಾಂತಿ ಅಂತ ಕಾಯಬೇಡಿ, ಡಾಕ್ಟರಿಗೆ ತೋರಿಸಿ.