ಹಳೆಯ ಹಿಮಾಲಯನ್ ಬೈಕು ಕೊಂಡಾಗ ನಾನು ಮೊದಲು ನೋಡಿದ್ದು

ದೂರದ ಪ್ರಯಾಣಕ್ಕೆಂದು ಸೆಕೆಂಡ್ ಹ್ಯಾಂಡ್ ಬೈಕು ಹುಡುಕುವವರಲ್ಲಿ ಹೆಚ್ಚಿನವರು ಮೊದಲು ಇಂಜಿನ್ ಶಬ್ದಕ್ಕೆ ಕಿವಿಗೊಡುತ್ತಾರೆ. ಆದರೆ ಹಿಂದೊಬ್ಬರನ್ನೂ ಎರಡು ಬದಿಗೆ ಸಾಮಾನಿನ ಚೀಲಗಳನ್ನೂ ಹೊತ್ತು ಘಟ್ಟದ ರಸ್ತೆಗಳಲ್ಲಿ ದುಡಿದ ಗಾಡಿಯಲ್ಲಿ ಇಂಜಿನ್‌ಗಿಂತ ಮೊದಲು ಸವೆಯುವುದು ಭಾರ ಹೊರುವ ಭಾಗಗಳು ಎಂಬುದು ನನ್ನ ಅಭಿಪ್ರಾಯ. ನನ್ನ ಗಾಡಿಯನ್ನು ಆರಿಸಿದ್ದೂ ಅದೇ ಲೆಕ್ಕದಲ್ಲಿ.

ನನಗೆ ಬೇಕಾಗಿದ್ದುದು 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. 2016ರಲ್ಲಿ ಬಂದ ಮೊದಲ ಗಾಡಿಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆಯ ಬಗೆಯ ಕಾರ್ಬ್ಯುರೇಟರ್ ಇತ್ತು. 2017ರಲ್ಲಿ ಹೊಗೆ ಮಾಲಿನ್ಯದ ಬಿಎಸ್ 4 ನಿಯಮದೊಂದಿಗೆ, ಪೆಟ್ರೋಲನ್ನು ಅಳೆದು ಚಿಮುಕಿಸುವ ಫ್ಯೂಯೆಲ್ ಇಂಜೆಕ್ಷನ್ ಬಂತು. ಎರಡನೆಯದನ್ನೇ ಕೊಳ್ಳಬೇಕೆಂದು ನಿಶ್ಚಯಿಸಿಕೊಂಡಿದ್ದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ, ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕುಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಇನ್ನೂ ಸಿಗುತ್ತಾರೆ. ಅಂಥ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಮಂಡ್ಯಕ್ಕೆ ಗಾಡಿ ನೋಡಲು ಹೋದೆ.

ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಫೋನಿನಲ್ಲೇ ಹೇಳಿದ್ದೆ. ಬಿಸಿಯಾದ ಇಂಜಿನ್ ತನ್ನ ಎಷ್ಟೋ ದೋಷಗಳನ್ನು ಮುಚ್ಚಿಡುತ್ತದೆ. ಅವರು "ಇಂಜಿನ್‌ಗೆ ಕೈಯೇ ಹಾಕಿಸಿಲ್ಲ ಸಾರ್" ಎಂದು ಶುರುಮಾಡುತ್ತಿದ್ದಂತೆ ನಮ್ಮ ಮೆಕ್ಯಾನಿಕ್, "ಅದನ್ನ ಆಮೇಲೆ ನೋಡೋಣ ಸ್ವಾಮಿ, ಮೊದಲು ಡಬಲ್ ಸ್ಟ್ಯಾಂಡ್ ಹಾಕಿ" ಎಂದರು. ನಾನು ಹಿಂದಿನ ಸೀಟನ್ನು ಅದುಮಿ ಹಿಡಿದಾಗ ಮುಂದಿನ ಚಕ್ರ ನೆಲ ಬಿಟ್ಟಿತು. ಅವರು ಹ್ಯಾಂಡಲನ್ನು ಎರಡೇ ಬೆರಳಿನಿಂದ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿದರು. ಸರಿಯಾಗಿ ನಡುವೆ ಬಂದಾಗ ಹ್ಯಾಂಡಲು ಸಣ್ಣ ಹಳ್ಳಕ್ಕೆ ಬಿದ್ದಂತೆ ಕಚ್ಚಿಕೊಳ್ಳುತ್ತಿತ್ತು. ಹ್ಯಾಂಡಲು ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್, ಹೋಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಈ ಮಾದರಿಯಲ್ಲಿ ಇದು ಹಲವರು ಕಂಡ ತೊಂದರೆಯೇ ಆದ್ದರಿಂದ ಗಾಡಿಯನ್ನು ಬಿಡಲಿಲ್ಲ. ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೆ. ಆಮೇಲೆ ಸ್ಪ್ಯಾನರ್‌ನಿಂದ ಮೆಕ್ಯಾನಿಕ್ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿದರು. ಬಿಗಿಯಾದದ್ದು ಟಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಸೈಡ್ ಪ್ಯಾನಲ್ ಬಿಚ್ಚಿಸಿ, ಕ್ಯಾರಿಯರ್ ಕೂರುವ ಕಡೆ ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ, ಮೇಲೆ ಹೊಸ ಬಣ್ಣ ಬಳಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಿದೆವು. ಅಲ್ಲಿ ಬಿರುಕು ಕಂಡಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ಆ ಗಾಡಿಯನ್ನು ಮುಟ್ಟುತ್ತಿರಲಿಲ್ಲ.

ಮೀಟರಿನ ಕಿಲೋಮೀಟರ್ ಲೆಕ್ಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಫುಟ್‌ರೆಸ್ಟ್ ರಬ್ಬರ್, ಚೈನು ಕೂರುವ ಸ್ಪ್ರಾಕೆಟ್ ಹಲ್ಲಿನ ಬಾಗು, ಬ್ರೇಕ್ ಡಿಸ್ಕಿನ ಅಂಚು ಇವೇ ಹೆಚ್ಚು ಸತ್ಯ ಹೇಳುತ್ತವೆ; ಡಿಸ್ಕಿನ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಕೆತ್ತಿರುತ್ತಾರೆ. ಟೈರಿನ ಮೇಲೆ 2319 ಎಂದಿದ್ದರೆ ಅದು 2019ರ 23ನೆಯ ವಾರದ್ದು. ಟೈರಿನ ಗೀರುಗಳು ಎಷ್ಟೇ ಆಳವಾಗಿ ಉಳಿದಿದ್ದರೂ ಅಷ್ಟು ಹಳೆಯ ರಬ್ಬರನ್ನು ನೆಚ್ಚಿ ನಾನು ಘಟ್ಟ ಇಳಿಯಲಾರೆ.

ಓಡಿಸಿ ನೋಡಲು ಸರ್ವಿಸ್ ರಸ್ತೆಯೇ ಗತಿ, ಏಕೆಂದರೆ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಒಂದು ರೀತಿಯಲ್ಲಿ ಅದು ಅನುಕೂಲವೇ ಆಯಿತು: ಹಂಪುಗಳ ಮೇಲೆ ಹಾರಿಸಿದ ನಂತರ ಇಳಿದು ನೋಡಿದಾಗ ಫೋರ್ಕ್ ಕೊಳವೆಗಳ ಮೇಲೆ ಎಣ್ಣೆಯ ಪಸೆ ಇರಲಿಲ್ಲ, ಎಂದರೆ ಎಣ್ಣೆ ತಡೆಯುವ ಸೀಲ್‌ಗಳು ಚೆನ್ನಾಗಿದ್ದವು.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಾಸಿ ಮತ್ತು ಇಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಿ, ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ಹಳೆಯ ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರಂ 35ರೊಂದಿಗೆ ಬ್ಯಾಂಕಿನ ಪತ್ರವನ್ನೂ ಕೇಳಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಅರ್ಜಿ ಕೊಡಬೇಕು. ಪರಿಹಾರ ಕೇಳದ ವರ್ಷಗಳಿಗೆ ಮಾರಿದವರಿಗೆ ಸಿಕ್ಕ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಮಾತ್ರ ನಮಗೆ ಬರುವುದಿಲ್ಲ.

ಈಗಿನ ಆರೈಕೆಯಲ್ಲೂ ನನ್ನ ಹೆಚ್ಚಿನ ಗಮನ ಕೆಳಭಾಗಕ್ಕೇ. ಹೊಸ ಕೋನ್ ಸೆಟ್ಟಿಗೆ ಮಳೆಗಾಲ ಮುಗಿದ ಮೇಲೆ ಗ್ರೀಸ್ ಹಾಕಿಸುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿಸುತ್ತೇನೆ. ತೇವ ಸೇರಿದ ಆಯಿಲ್ ಬೇಗ ಕುದಿಯುವುದರಿಂದ ಊಟಿಯಿಂದ ಕಲ್ಹಟ್ಟಿ ಕಡೆಗಿರುವಂಥ ಇಳಿಜಾರಿನಲ್ಲಿ ಲಿವರ್ ಮೆತ್ತಗಾಗುತ್ತದೆ. ಚೈನನ್ನು ಪೆಟ್ರೋಲಿನಲ್ಲಿ ತೊಳೆದರೆ ಒಳಗಿನ ರಬ್ಬರಿನ ಓ-ರಿಂಗ್‌ಗಳು ಹಾಳಾಗುತ್ತವೆ; ಸೀಮೆಎಣ್ಣೆಯಲ್ಲಿ ಮೃದುವಾದ ಬ್ರಷ್‌ನಿಂದ ಉಜ್ಜಿ, ಒರೆಸಿ, 90ರ ಗೇರ್ ಆಯಿಲನ್ನು ಒಳಬದಿಗೆ ಹಚ್ಚುತ್ತೇನೆ. ಈ ಕೆಲಸವನ್ನು ಹೊರಡುವ ಬೆಳಿಗ್ಗೆ ಮಾಡುವುದಕ್ಕಿಂತ ಮನೆಗೆ ಮರಳಿದ ಸಂಜೆ, ಚೈನು ಇನ್ನೂ ಬೆಚ್ಚಗಿರುವಾಗ ಮಾಡಿದರೆ ಎಣ್ಣೆ ಸರಿಯಾಗಿ ಇಳಿಯುತ್ತದೆ, ಮಾರನೆಯ ದಿನ ಹಿಂದಿನ ಚಕ್ರಕ್ಕೂ ಎರಚುವುದಿಲ್ಲ.