ಫೋನಿನಲ್ಲಿ ಜ್ವರದ ಪಾಠ, ವಾರ್ಡಿನಲ್ಲಿ ಕೈಯ ಪರೀಕ್ಷೆ

ಬೆಂಗಳೂರಿನಲ್ಲಿ ಮಳೆ ಹಿಡಿದ ಕೆಲವೇ ವಾರಗಳಲ್ಲಿ ಜ್ವರದ ಓಪಿಡಿಯ ಸಾಲು ಉದ್ದವಾಗತೊಡಗುತ್ತದೆ. ಆ ಸಾಲನ್ನು ಮೊದಲು ಎದುರಿಸುವವರು, ಎಂಬಿಬಿಎಸ್ ಓದಿನ ಕೊನೆಗೆ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಹೌಸ್ ಸರ್ಜನ್‌ಗಳು ಮತ್ತು ಸ್ಟಾಫ್ ನರ್ಸ್‌ಗಳು; ಮೂರು ಪಾಳಿಗಳಲ್ಲಿ ದುಡಿಯುವ ಇವರೆಲ್ಲರನ್ನೂ ಒಂದೇ ದಿನ ಒಂದೇ ಸಭಾಂಗಣಕ್ಕೆ ಸೇರಿಸುವುದು ಯಾವ ಆಸ್ಪತ್ರೆಗೂ ಸುಲಭವಲ್ಲ. ಆನ್‌ಲೈನ್ ಕಲಿಕೆ ಕೈಹಿಡಿಯುವುದು ಇಲ್ಲಿಯೇ. ಮೇ ತಿಂಗಳಲ್ಲಿ ನಾಲ್ಕು ವಾರಗಳ ತರಬೇತಿಯೊಂದನ್ನು ಕಟ್ಟಿಕೊಳ್ಳುವ ಬಗೆಯನ್ನು, ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದ ಅನುಭವದಿಂದ ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಒಂದು ಹಾಳೆಯಲ್ಲಿ, ಫೋನಿನಲ್ಲಿ ಕಲಿಯಬಹುದಾದದ್ದನ್ನು ಒಂದೆಡೆ, ಕೈಯಾರೆ ಮಾಡಿಯೇ ಕಲಿಯಬೇಕಾದದ್ದನ್ನು ಇನ್ನೊಂದೆಡೆ ಬರೆದುಕೊಳ್ಳಿ. 2020ರಲ್ಲಿ ನಾನು ಹೀಗೆ ಮಾಡಲಿಲ್ಲ. ಪಿಪಿಇ (ಸೋಂಕು ತಡೆಯುವ ರಕ್ಷಣಾ ಉಡುಪು) ಕಳಚುವ ಕ್ರಮವನ್ನು ಒಂದೂವರೆ ಗಂಟೆಯ ಆನ್‌ಲೈನ್ ಉಪನ್ಯಾಸದಲ್ಲಿ ಹೇಳಿ ಮುಗಿಸಿದೆ. ಕೊನೆಯ ಪರೀಕ್ಷೆಯಲ್ಲಿ ಎಲ್ಲ ಉತ್ತರಗಳನ್ನೂ ಸರಿಯಾಗಿ ಬರೆದಿದ್ದ ವಿದ್ಯಾರ್ಥಿನಿಯೊಬ್ಬಳು ಮರುದಿನ ವಾರ್ಡಿನ ಬಾಗಿಲಲ್ಲಿ, ಕೈಗವಸು ತೆಗೆಯದೆಯೇ ಮಾಸ್ಕಿನ ಮುಂಭಾಗವನ್ನು ಹಿಡಿದು ಎಳೆದಳು. ಅವಳಿಗೆ ಕ್ರಮ ಗೊತ್ತಿತ್ತು, ಕೈಗೆ ರೂಢಿಯಾಗಿರಲಿಲ್ಲ.

ಸಿದ್ಧವಿರುವ ಪಾಠವನ್ನು ಮತ್ತೆ ಚಿತ್ರೀಕರಿಸಲು ಹೋಗಬೇಡಿ. ಸಾಂಕ್ರಾಮಿಕ ರೋಗಗಳ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಉಚಿತ ಆನ್‌ಲೈನ್ ಪಾಠಗಳಿಗೆ ಪ್ರತ್ಯೇಕ ವೇದಿಕೆಯನ್ನು ತೆರೆಯಿತು. ಅಂಥ ಪಾಠಗಳಿಂದ ಬೇಕಾದಷ್ಟನ್ನು ಆರಿಸಿಕೊಂಡು, ಉಳಿದ ಶ್ರಮವನ್ನೆಲ್ಲ ನಿಮ್ಮ ಊರಿನ ರೋಗಿಯೊಬ್ಬರ ಕಥೆಯನ್ನು ಬರೆಯುವುದಕ್ಕೆ ಮೀಸಲಿಡಿ.

ಈ ಕಥೆಯನ್ನು ಒಂದೇ ಸಲಕ್ಕೆ ಕೊಡಬಾರದು. ದಿನಕ್ಕೊಂದು ಕಂತಿನಂತೆ ಬೆಳಿಗ್ಗೆ ಫೋನಿಗೆ ಕಳಿಸಬೇಕು. ಉದಾಹರಣೆಗೆ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ 24 ವರ್ಷದ ಹೆಣ್ಣುಮಗಳು ಜ್ವರದ ಎರಡನೆಯ ದಿನ ಬರುತ್ತಾಳೆ. ಮೈಕೈ ನೋವು, ಕಣ್ಣುಗುಡ್ಡೆಯ ಹಿಂದೆ ನೋವು. ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 40, ಪ್ಲೇಟ್‌ಲೆಟ್ 1,80,000. ಯಾವ ರಕ್ತಪರೀಕ್ಷೆ ಮಾಡಿಸುತ್ತೀರಿ ಎಂಬುದು ಅಂದಿನ ಪ್ರಶ್ನೆ. ಮೊದಲ ದಿನಗಳಲ್ಲಿ ಡೆಂಗಿ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್‌1, ಐದು ದಿನ ಕಳೆದ ಮೇಲೆ ಪ್ರತಿಕಾಯವನ್ನು ಹುಡುಕುವ ಐಜಿಎಂ ಎಂಬ ತಿಳಿವಳಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಐದನೆಯ ದಿನದ ಕಂತಿನಲ್ಲಿ ಮೈ ತಣ್ಣಗಾಗಿರುತ್ತದೆ. ‘ಜ್ವರ ಬಿಟ್ಟಿದೆ ಡಾಕ್ಟ್ರೇ, ಮನೆಗೆ ಕಳ್ಸಿ. ಹೊಟ್ಟೆ ಮಾತ್ರ ಒಂದೇ ಸಮ ನೋಯ್ತಿದೆ’ ಎನ್ನುತ್ತಾಳೆ. ಪಿಸಿವಿ 48, ಪ್ಲೇಟ್‌ಲೆಟ್ 70,000, ಬಿಪಿ 100/82. ಕಳಿಸುತ್ತೀರಾ, ಇರಿಸಿಕೊಳ್ಳುತ್ತೀರಾ?

ಪ್ರತಿ ತಂಡದಲ್ಲೂ ಕೆಲವರು ಕಳಿಸಿಬಿಡುತ್ತಾರೆ. ಡೆಂಗಿಯ ಅಪಾಯದ ಘಟ್ಟ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿನಲ್ಲಿ ಎಂಬುದನ್ನು, ಅವರು ಉತ್ತರ ಒತ್ತಿದ ಮೇಲಷ್ಟೇ ತೋರಿಸಿ. ರಕ್ತನಾಳಗಳಿಂದ ಪ್ಲಾಸ್ಮಾ ಸೋರುತ್ತಿರುವುದರಿಂದ ಪಿಸಿವಿ ಶೇ 20ರಷ್ಟು ಏರಿದೆ, ಬಿಪಿಯ ಎರಡು ಅಂಕಿಗಳ ಅಂತರ 18ಕ್ಕೆ ಇಳಿದಿದೆ, ಬಿಡದ ಹೊಟ್ಟೆನೋವು ಎಚ್ಚರಿಕೆಯ ಲಕ್ಷಣ. ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆಯೇ ಇರುವ ಈ ಊರಿನಲ್ಲಿ, ಉಳಿದ ಅಂಕಿಗಳನ್ನು ಓದುವ ರೂಢಿಯನ್ನು ಬೆಳೆಸುವುದಕ್ಕಿಂತ ದೊಡ್ಡ ಕೆಲಸ ಈ ತರಬೇತಿಗೆ ಇಲ್ಲವೆಂದೇ ನನ್ನ ಎಣಿಕೆ.

ರೋಗಿಯ ಮಾತನ್ನು ಕನ್ನಡದಲ್ಲೇ, ಸಾಧ್ಯವಾದರೆ ಧ್ವನಿಮುದ್ರಣವಾಗಿಯೇ ಕೊಡಿ. ಹೊರರಾಜ್ಯಗಳಿಂದ ಬಂದ ಹೌಸ್ ಸರ್ಜನ್‌ಗೆ ‘ಕಣ್ಣು ಕತ್ಲೆ ಬರುತ್ತೆ’ ಎಂದರೆ ಕಣ್ಣಿನ ತೊಂದರೆಯಂತೆ ಕೇಳಿಸಬಹುದು. ಆದರೆ ಆಕೆ ಹೇಳುತ್ತಿರುವುದು ತಲೆಸುತ್ತಿ ಬೀಳುವಂತಾಗುತ್ತಿದೆ ಎಂದು.

ವಾರಕ್ಕೊಮ್ಮೆ ಒಂದು ಗಂಟೆ ಎಲ್ಲರೂ ವಿಡಿಯೊದಲ್ಲಿ ಸೇರಲಿ. ಆ ಗಂಟೆ ಉಪನ್ಯಾಸಕ್ಕಲ್ಲ, ಕಲಿಯುವವರೇ ತಂದ ಕೇಸಿನ ಚರ್ಚೆಗೆ. ಈ ಕ್ರಮಕ್ಕೆ ಒಳ್ಳೆಯ ಮಾದರಿ ‘ಎಕೋ’. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಇದನ್ನು ಆರಂಭಿಸಿದರು. ಹಳ್ಳಿಗಳ ಹಾಗೂ ಜೈಲುಗಳ ಕ್ಲಿನಿಕ್ಕುಗಳಲ್ಲಿ ಹೀಗೆ ಕಲಿತವರಿಂದ ಚಿಕಿತ್ಸೆ ಪಡೆದವರಲ್ಲಿ ಶೇ 58.2ರಷ್ಟು, ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಶೇ 57.5ರಷ್ಟು ಮಂದಿ ಗುಣ ಕಂಡರೆಂದು 2011ರಲ್ಲಿ ವರದಿಯಾಯಿತು. ನಮ್ಮ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿಗೆ ಇದೇ ಮಾದರಿಯನ್ನು ಅಳವಡಿಸಿಕೊಂಡಿದೆ. ಕೇಸು ಹೇಳುವಾಗ ರೋಗಿಯ ಹೆಸರು, ಮುಖ, ಆಸ್ಪತ್ರೆಯ ನೋಂದಣಿ ಸಂಖ್ಯೆ ಯಾವುದೂ ಪರದೆಯ ಮೇಲೆ ಬರಕೂಡದು. ಲ್ಯಾಬ್ ವರದಿಯ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ರೂಢಿಯನ್ನು ಮೊದಲ ದಿನವೇ ನಿಲ್ಲಿಸಿ.

ಇನ್ನು ಹಾಳೆಯ ಎರಡನೆಯ ಪಾಲು, ಕೈಯಾರೆ ಮಾಡಿ ಕಲಿಯಬೇಕಾದದ್ದು. ಪಾಳಿ ಬದಲಾಗುವ ಹೊತ್ತಿಗೆ ನಾಲ್ಕೈದು ಮಂದಿಯಂತೆ ವಾರ್ಡಿನ ಪಕ್ಕದ ಕೋಣೆಗೆ ಕರೆಯಿರಿ. ಬಿಳಿ ಕೈಗವಸು ತೊಡಿಸಿ, ಅಂಗೈಗೆ ಸ್ವಲ್ಪ ಬಣ್ಣ ಹಾಕಿ, ಕಣ್ಣು ಮುಚ್ಚಿಕೊಂಡು ಹ್ಯಾಂಡ್‌ರಬ್ ಹಚ್ಚುವಂತೆಯೇ 20–30 ಸೆಕೆಂಡು ಉಜ್ಜಲು ಹೇಳಿ. ಕಣ್ಣು ತೆರೆದಾಗ ಹೆಬ್ಬೆರಳಿನ ಸುತ್ತ ಮತ್ತು ಬೆರಳ ತುದಿಗಳಲ್ಲಿ ಬಣ್ಣ ತಾಗದೆ ಬಿಳಿ ಉಳಿದಿರುತ್ತದೆ. ಆಮೇಲೆ ಪಿಪಿಇ ಕಳಚಿಸಿ. ಒಬ್ಬರು ಕಳಚುವಾಗ ಇನ್ನೊಬ್ಬರು ಪಟ್ಟಿ ಹಿಡಿದು ಗುರುತು ಹಾಕುತ್ತಿರಲಿ. ಇದು ಮುಗಿಯದೆ ಪ್ರಮಾಣಪತ್ರ ಕೊಡಬೇಡಿ.

ನಾಲ್ಕು ವಾರ ಮುಗಿದ ಮೇಲೂ ಪ್ರಶ್ನೆಗಳು ಹೋಗುತ್ತಿರಬೇಕು. ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತೆಂದು 2006ರ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಜುಲೈಯಲ್ಲಿ ಇನ್ನೊಬ್ಬ ರೋಗಿಯನ್ನು ಫೋನಿಗೆ ಕಳಿಸಿ: ಮಳೆನೀರಿನ ಚರಂಡಿಯಲ್ಲಿ ನಿಂತು ಹೂಳೆತ್ತುವ ಕಾರ್ಮಿಕ, ಕೆಂಪಗಾದ ಕಣ್ಣು, ಮುಟ್ಟಿದರೆ ನೋಯುವ ಮೀನಖಂಡ, ಡೆಂಗಿ ಪರೀಕ್ಷೆ ನೆಗೆಟಿವ್. ಇಲಿಜ್ವರದ ಶಂಕೆ ಯಾರಿಗೆ ಬರಲಿಲ್ಲವೋ ಅವರ ಹೆಸರನ್ನು ಗುಂಪಿನಲ್ಲಿ ಹಾಕದೆ, ಒಬ್ಬೊಬ್ಬರಿಗೂ ಅಂದೇ ಕರೆ ಮಾಡಿ ಮಾತನಾಡಿ.